ಹಗ್ಗಕ್ಕೆ ಕೈ ಹಾಕಿದವನ ಪಾಲು

ಈ ವರ್ಷ ಮೇ ತಿಂಗಳ ಒಂದು ಬೆಳಿಗ್ಗೆ ಜಿಂಡಬೈನ್ ಸರೋವರದ ದಡದಲ್ಲಿ ಸುಧಾಕರ ಭಾವ ತಮ್ಮ ಕಾರಿನ ಡಿಕ್ಕಿ ತೆಗೆದು ನನ್ನ ನೀಲಿ ಜಾಕೆಟ್ಟನ್ನು ಕೈಗೆ ಕೊಟ್ಟರು. “ತೆಕ್ಕೊಳ್ಳಿ ಭಾವ, ನಿಮ್ಮದೇ. ಒಂದು ವರ್ಷದಿಂದ ನಮ್ಮ ಗ್ಯಾರೇಜಲ್ಲಿ ಬಿದ್ದಿತ್ತು” ಅಂದರು. ಅವರು ನನ್ನ ತಂಗಿಯ ಗಂಡ. ನಮ್ಮ ಕಡೆ ಅವರು ನನಗೂ ಭಾವ, ನಾನು ಅವರಿಗೂ ಭಾವ. ಚಳಿ ಹಲ್ಲು ಕಡಿಸುತ್ತಿತ್ತು, ಹಾಕಿಕೊಂಡೆ. ಕಾಲರಿನಿಂದ ಒಂದೇ ಸಲಕ್ಕೆ ಎಲ್ಲ ವಾಸನೆಗಳೂ ಮೂಗಿಗೆ ಬಂದವು. ಎರೆಹುಳದ ಮಣ್ಣು, ಕಟ್ಟಿಗೆಯ ಹೊಗೆ, ಅಪ್ಪ ಮಂಡಿಗೆ ಹಚ್ಚಿಕೊಳ್ಳುತ್ತಿದ್ದ ನೋವಿನೆಣ್ಣೆ. ಬಲಗಡೆಯ ಜೇಬಿಗೆ ಕೈ ಹಾಕಿದೆ. ಒಳಗಿನ ಬಟ್ಟೆ ಗಂಜಿ ಹಾಕಿ ಒಣಗಿಸಿದ ಹಾಗೆ ಗಟ್ಟಿಯಾಗಿತ್ತು. ಅದು ಏನೆಂದು ಗೊತ್ತಾಗಿ ಕೈ ಹೊರಗೆ ತೆಗೆದೆ.

ಅಪ್ಪ ಬಂದದ್ದು ಹೋದ ವರ್ಷ ಏಪ್ರಿಲ್ ಮೊದಲ ವಾರ. ನಾನಿರುವುದು ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ, ತಂಗಿ ಮಮತಾ ಇರುವುದು ಮೆಲ್ಬರ್ನಿನ ಟ್ರುಗನಿನಾದಲ್ಲಿ. ಅಪ್ಪನನ್ನು ಮೂರು ಮೂರು ವಾರದಂತೆ ಹಂಚಿಕೊಳ್ಳುವುದೆಂದು ನಾವಿಬ್ಬರು ಫೋನಿನಲ್ಲೇ ತೀರ್ಮಾನ ಮಾಡಿದ್ದೆವು. ಅವರನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಊರಿನವರೊಬ್ಬರ ಜೊತೆ ಹೇಗೋ ಸಿಡ್ನಿವರೆಗೆ ಬಂದಿದ್ದ ಅಪ್ಪ, ಇನ್ನು ಒಬ್ಬನೇ ವಿಮಾನ ಹತ್ತುವುದಿಲ್ಲ ಅಂದುಬಿಟ್ಟರು. ಸರಿ, ಎರಡು ಊರುಗಳ ನಡುವೆ, ಬೆಟ್ಟದ ಮೇಲಿರುವ ಈ ಸರೋವರದ ದಡದಲ್ಲಿ ಅಪ್ಪನ ಹಸ್ತಾಂತರ ಎಂದಾಯಿತು. ಇದು ಭಾವನ ಯೋಚನೆ. ಅವರಿಗೆ ಟ್ರೌಟ್ ಮೀನಿನ ಹುಚ್ಚು, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಒಂದು ತಗಡಿನ ದೋಣಿಯೂ ಇತ್ತು. ಇಲ್ಲಿಯವರು ಅದನ್ನು ಟಿನ್ನಿ ಅನ್ನುತ್ತಾರೆ. ಅರ್ಧ ದಾರಿ ಅಂತ ಹೆಸರಿಗಷ್ಟೇ, ನನಗೆ ಆರು ಗಂಟೆಯ ಡ್ರೈವ್, ಅವರಿಗೆ ಏಳು. ಆ ಹೆಚ್ಚಿನ ಒಂದು ಗಂಟೆಯನ್ನು ಅವರು ಪ್ರತಿ ಸಲವೂ ನೆನಪಿಸುತ್ತಿದ್ದರು.

ನನಗೂ ಒಂದು ಲೆಕ್ಕಾಚಾರವಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಅಪ್ಪನ ಜೊತೆ ಮೊದಲ ಸಲ ಕಡಲಿಗೆ ಹೋಗಿದ್ದೆ. ನಮ್ಮದು ಉಡುಪಿ ಕಡೆಯ ಮೊಗವೀರರ ಮನೆ, ಅಪ್ಪ, ಅಜ್ಜ, ಅಜ್ಜನ ಅಪ್ಪ ಎಲ್ಲ ಬಲೆಯವರೇ. ಮೀನಿನ ಮರಿಗೆ ಈಜು ಕಲಿಸಬೇಕೇ ಎಂದು ಯಾರೂ ನನಗೆ ಏನೂ ಕಲಿಸಿರಲಿಲ್ಲ. ದೋಣಿ ಎರಡು ತೆರೆ ದಾಟುವಷ್ಟರಲ್ಲಿ ನಾನು ಬಲೆಯ ಮೇಲೆಯೇ ವಾಂತಿ ಮಾಡಿದೆ. ಸಂಜೆ ಅಪ್ಪ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಾ ಅಮ್ಮನಿಗೆ ಹೇಳಿದರು: “ಇವನ ಕೈಗೆ ಮೀನು ಬೀಳುದಿಲ್ಲ. ಓದಲಿಕ್ಕೆ ಹಾಕುವ.” ಬೈದದ್ದಲ್ಲ, ಇವತ್ತು ಗಾಳಿ ಜಾಸ್ತಿ ಅನ್ನುವ ಹಾಗೆ ಹೇಳಿದ್ದು. ಆ ಮಾತಿನಿಂದಲೇ ನಾನು ಓದಿದೆ, ಇಂಜಿನಿಯರ್ ಆದೆ, ಇಲ್ಲಿ ಖಾಯಂ ಇರಲು ಪಿಆರ್ ಸಿಕ್ಕಿತು, ಸಿಡ್ನಿಯ ನಾರ್ವೆಸ್ಟ್‌ನ ಗಾಜಿನ ಕಟ್ಟಡದಲ್ಲಿ ಕೂತು ಸಂಬಳ ಎಣಿಸುತ್ತಿದ್ದೇನೆ. ಎಲ್ಲ ಒಳ್ಳೆಯದಕ್ಕೇ ಆಯಿತು, ಒಪ್ಪುತ್ತೇನೆ. ಆದರೂ ಆ ಮಾತು ಮೂವತ್ತು ವರ್ಷದಿಂದ ಗಂಟಲಲ್ಲಿ ಮುಳ್ಳಾಗಿ ನಿಂತಿದೆ. ಅಪ್ಪನ ಕಣ್ಣೆದುರು ನನ್ನ ಕೈಗೆ ಒಂದು ಮೀನು ಬೀಳಬೇಕು. ಒಂದೇ ಸಾಕು. ಆ ಸಲ ನನಗೆ ಬೇರೇನೂ ಬೇಕಿರಲಿಲ್ಲ.

ಮೊದಲ ಹಸ್ತಾಂತರ ಏಪ್ರಿಲ್ ಕೊನೆಯಲ್ಲಿ. ನೀರಿನ ಆಚೆ ಬೋಳು ಗುಡ್ಡಗಳು, ಈಚೆ ಹಳದಿ ಎಲೆ ಉದುರಿಸುತ್ತಿದ್ದ ಮರಗಳು. ಅಣೆಕಟ್ಟು ಕಟ್ಟಿದಾಗ ಹಳೆಯ ಊರು ಈ ನೀರಿನಡಿ ಹೋಯಿತಂತೆ, ಮರಗಳು ಇನ್ನೂ ಕೆಳಗೆ ನಿಂತೇ ಇವೆಯಂತೆ. ಅಪ್ಪ ನೀರನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡು, “ಉಪ್ಪೇ ಇಲ್ಲ ಮಾರಾಯ, ಇದರಲ್ಲಿ ಬೆಳೆದ ಮೀನಿಗೆ ರುಚಿ ಎಲ್ಲಿಂದ?” ಅಂದರು. ಭಾವ ಮೂವರಿಗೂ ಲೈಸೆನ್ಸ್ ಮಾಡಿಸಿದ್ದು ತಿಳಿದು ಅವರಿಗೆ ನಗು ಬಂತು. “ಗಾಳ ಹಾಕಲಿಕ್ಕೆ ಲೈಸೆನ್ಸಾ? ನಾನು ಅರವತ್ತು ವರ್ಷ ಕಳ್ಳತನ ಮಾಡಿದೆನಾ ಹಾಗಾದರೆ?”

ಟಿನ್ನಿಯಲ್ಲಿ ಮೂವರೂ ಹೋದೆವು. ಮಧ್ಯಾಹ್ನ ಬೆಟ್ಟದಿಂದ ಗಾಳಿ ಇಳಿದು ನೀರು ಸಣ್ಣಗೆ ಕುಲುಕತೊಡಗಿತು. ಕಡಲಿನ ತೆರೆಯಲ್ಲ, ಸಿಹಿನೀರಿನ ಕೆರೆಯ ಕುಲುಕಾಟ. ನನ್ನ ಹೊಟ್ಟೆಗೆ ಅಷ್ಟೇ ಸಾಕಾಯಿತು. ದೋಣಿಯ ಅಂಚಿಗೆ ಬಗ್ಗಿ ವಾಂತಿ ಮಾಡುತ್ತಿದ್ದಾಗ ಅಪ್ಪ ಬೆನ್ನು ನೀವುತ್ತಿದ್ದರು, ಭಾವ ಅದೇ ಹೊತ್ತಿಗೆ ಒಂದು ರೇನ್‌ಬೋ ಟ್ರೌಟನ್ನು ಮೇಲೆತ್ತಿ, “ನೋಡಿ ಭಾವ, ನೀವು ಎರೆ ಹಾಕಿದ್ದಕ್ಕೆ ಬಂತು” ಅಂದರು. ರಾತ್ರಿ ಬಾಡಿಗೆ ಕ್ಯಾಬಿನ್ನಿನಲ್ಲಿ ಅದನ್ನೇ ಹುಳಿಖಾರದ ಪುಳಿಮುಂಚಿ ಮಾಡಿದರು. ಅಪ್ಪ ತಿಂದು, ಪರವಾಗಿಲ್ಲ ಅಂದರು. ಮರುದಿನ ಅವರು ಭಾವನ ಕಾರು ಹತ್ತಿದರು, ನಾನು ಬರಿಗೈಯಲ್ಲಿ ವಾಪಸ್ಸು ಹೊರಟೆ.

ಆ ಮೂರು ವಾರ ನಾನು ಆಫೀಸಿನ ಕೆಲಸಕ್ಕಿಂತ ಹೆಚ್ಚು ಟ್ರೌಟ್ ಓದಿದೆ. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ವಿಡಿಯೋ ನೋಡಿದೆ. ಹೊಸ ರಾಡ್, ದಾರ ಸುತ್ತುವ ಹೊಸ ರೀಲ್, ನಾನಾ ಬಣ್ಣದ ಲ್ಯೂರುಗಳು, ಅಂದರೆ ಮೀನಿನ ಮರಿಯಂತೆ ಹೊಳೆಯುವ ಆಟಿಕೆಗಳು. ಅಂಗಡಿಯವನು ಹೆಣೆದ ದಾರವೊಂದನ್ನು ಕೊಟ್ಟ. ಕೂದಲಿನಷ್ಟು ಸಣ್ಣ, ಕೈಯಲ್ಲಿ ಎಳೆದರೆ ತುಂಡಾಗುವುದಿಲ್ಲ. “ಮೀನು ಎಳೆಯುವಾಗ ಬರಿಗೈಯಲ್ಲಿ ಮಾತ್ರ ಹಿಡೀಬೇಡ, ಕೊಯ್ದುಬಿಡುತ್ತೆ” ಅಂದ. ನಾನು ತಲೆಯಾಡಿಸಿದೆ. ಸಂಜೆ ಮನೆಯ ಹಿಂದಿನ ಅಂಗೈಯಗಲದ ಹುಲ್ಲಿನಲ್ಲಿ ನಿಂತು ಬೀಸುವುದನ್ನು ಅಭ್ಯಾಸ ಮಾಡಿ ಪಕ್ಕದ ಮನೆಯವರ ಬಟ್ಟೆ ಒಣಗಿಸುವ ತಂತಿಗೆ ಗಾಳ ಸಿಕ್ಕಿಸಿದೆ. ಹೆಂಡತಿ ಕಿಟಕಿಯಿಂದ ನೋಡಿ, “ಟವಲ್ ಹಿಡಿದ್ರಲ್ಲ, ಚಿಕ್ಕದಾದ್ರೆ ವಾಪಸ್ ಬಿಡ್ಬೇಕಂತೆ, ಅಳತೆ ನೋಡಿ” ಅಂದಳು. ಅವಳು ಮೈಸೂರಿನವಳು, ಮೀನು ಮುಟ್ಟುವುದಿಲ್ಲ, ಮಾತು ಬಿಡುವುದಿಲ್ಲ.

ಮೇ ನಡುವಿನಲ್ಲಿ ಅಪ್ಪನನ್ನು ಕರೆತರಲು ಹೋದಾಗ ಮಂಜು. ಬೆಳಿಗ್ಗೆ ರಾಡಿನ ಉಂಗುರಗಳಲ್ಲೇ ನೀರು ಹೆಪ್ಪುಗಟ್ಟುತ್ತಿತ್ತು, ಬಾಯಲ್ಲಿ ಊದಿ ಕರಗಿಸಬೇಕು. ದೋಣಿ ಬೇಡ, ದಡವೇ ಸಾಕು ಎಂದು ಹಟ ಹಿಡಿದೆ. ಎರಡು ದಿನದಲ್ಲಿ ಐದು ಲ್ಯೂರುಗಳನ್ನು ಮುಳುಗಿದ ಮರಗಳಿಗೆ ಅರ್ಪಿಸಿದೆ. ಎಸೆದರೆ ಸಿಕ್ಕಿಕೊಳ್ಳುತ್ತಿತ್ತು, ಎಳೆದರೆ ಬಾಗುತ್ತಿತ್ತು, ನಾನು “ಬಿತ್ತು” ಅನ್ನುತ್ತಿದ್ದೆ, ಭಾವ “ಕೊರಡು” ಅನ್ನುತ್ತಿದ್ದರು. ಪ್ರತಿ ಸಲವೂ ಅವರೇ ಸರಿ. ಗಾಳಿ ಸರಿಯಿಲ್ಲ, ಬೆಳಕು ಸರಿಯಿಲ್ಲ, ನೀರು ತಿಳಿಯಾಗಿದೆ ಎಂದು ನಾನು ಒಂದೊಂದೇ ಹೇಳುತ್ತಾ ಹೋದೆ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಭಾವ ನೀರಿನ ಕಡೆ ನೋಡಿಕೊಂಡೇ ಹೇಳಿದರು. ಅಪ್ಪ ಮಡಚುವ ಕುರ್ಚಿಯಲ್ಲಿ ನನ್ನ ನೀಲಿ ಜಾಕೆಟ್ ಹಾಕಿಕೊಂಡು ಕೂತಿದ್ದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಸ್ಕೋಫೀಲ್ಡ್ಸ್‌ನಲ್ಲಿ ಅವರ ಹಗಲು ಹೇಗೆ ಕಳೆಯುತ್ತಿತ್ತೋ ನನಗೆ ಸರಿಯಾಗಿ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ನಡೆಯುವವರೇ ಇಲ್ಲ, ಗ್ಯಾರೇಜಿನ ಬಾಗಿಲು ಏಳುತ್ತದೆ, ಕಾರು ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಅವರು ಎರಡು ಸುತ್ತು ನಡೆದು ಬಂದು, ಊರಿಂದ ತಂದಿದ್ದ ನೂಲಿನಲ್ಲಿ ಬಲೆ ಹೆಣೆಯುತ್ತಾ ಕೂರುತ್ತಿದ್ದರು. ಸಂಜೆ ನಾನು ಬಂದು ಸೋಫಾದಲ್ಲಿ ಕೂತು ಮತ್ತೆ ಟ್ರೌಟ್ ವಿಡಿಯೋ ಹಾಕುತ್ತಿದ್ದೆ. ಅವರು ಪಕ್ಕಕ್ಕೆ ಬಂದು ಬಗ್ಗಿ ನೋಡುವರು.

“ಇವರೆಲ್ಲ ಎಂತಕ್ಕೆ ಒಬ್ಬೊಬ್ಬರೇ ಹಿಡಿಯುದು?”

“ಇಲ್ಲಿ ಹಾಗೇ ಅಪ್ಪ. ಒಬ್ಬನಿಗೆ ಒಂದು ರಾಡ್.”

“ಒಂದು ಮೀನಿಗೆ ಇಷ್ಟು ಸಾಮಾನು. ಹತ್ತು ಜನ ಸೇರಿದರೆ ಒಂದು ಗಂಟೆಯ ಕೆಲಸ.”

ಅವರು ಹೇಳುತ್ತಿದ್ದದ್ದು ಕೈರಂಪಣಿಯ ವಿಷಯ. ನಮ್ಮ ದಡದಲ್ಲಿ ದೊಡ್ಡ ಬಲೆಯನ್ನು ನೀರಿಗೆ ಬಿಟ್ಟು ಎರಡೂ ತುದಿಯ ಹಗ್ಗವನ್ನು ಮರಳಿನ ಮೇಲೆ ನಿಂತು ಎಳೆಯುತ್ತಾರೆ. ಕರೆಯಬೇಕೆಂದಿಲ್ಲ. ಶಾಲೆಗೆ ಹೊರಟ ಮಾಸ್ಟ್ರಾಗಲಿ, ದಾರಿಹೋಕನಾಗಲಿ, ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲುಂಟು. ಕೈ ಹಾಕಿದವನಿಗೆ ನೀನು ಯಾರು ಅಂತ ಕೇಳುವುದಿಲ್ಲ. ಬಿಡು ಅಂತ ಹೇಳುವುದಂತೂ ಇಲ್ಲವೇ ಇಲ್ಲ, ಅದು ಉಣ್ಣುತ್ತಿರುವವನ ಎಲೆ ಎಳೆದ ಹಾಗೆ. ಎಳೆಯುವುದನ್ನು ನೋಡುತ್ತಾ ಕೈಕಟ್ಟಿ ನಿಂತವನಿಗೆ ಮಾತ್ರ ಬೈಗುಳ. ಇದೆಲ್ಲ ನನಗೂ ಗೊತ್ತಿತ್ತು. ನಾನು ವಿಡಿಯೋ ನೋಡುತ್ತಾ, “ಇಲ್ಲಿ ಬಲೆ ಹಾಕಿದರೆ ಫೈನ್ ಅಪ್ಪ” ಎಂದು ಮಾತು ಮುಗಿಸಿದೆ.

ಜೂನ್ ಮೊದಲ ವಾರ ಮೂರನೇ ಹಸ್ತಾಂತರ. ಗುಡ್ಡದ ತಲೆಯಲ್ಲಿ ಹಿಮ ಬಿದ್ದಿತ್ತು, ಸ್ಕೀಯಿಂಗಿನವರು ಬರಲು ಶುರುವಾಗಿ ಕ್ಯಾಬಿನ್ ಸಿಗುವುದೇ ಕಷ್ಟವಾಗಿತ್ತು. ಮೊಟ್ಟೆಯಿಡುವ ಕಾಲ ಹತ್ತಿರವಾದ್ದರಿಂದ ದೊಡ್ಡ ಕಂದು ಟ್ರೌಟುಗಳು ದಡದ ಸಮೀಪಕ್ಕೆ ಬರುತ್ತವೆ ಎಂದು ಎಲ್ಲ ವಿಡಿಯೋಗಳೂ ಹೇಳಿದ್ದವು. ಇದು ಕೊನೆಯ ಅವಕಾಶ ಎಂದು ನನಗೆ ಗೊತ್ತಿತ್ತು. ಇನ್ನೊಂದು ಸಲ ಬರುವಷ್ಟರಲ್ಲಿ ಅಪ್ಪ ಊರಿಗೆ ಹೊರಡುವ ಗಡಿಬಿಡಿ ಇರುತ್ತದೆ.

ಶನಿವಾರ ಪೂರ್ತಿ ಏನೂ ಇಲ್ಲ. ಭಾನುವಾರ ಬೆಳಿಗ್ಗೆ ಭಾವ ನೀರಿಗೇ ಇಳಿಸದ ದೋಣಿಯನ್ನು ಕಾರಿಗೆ ಕಟ್ಟುತ್ತಾ, “ಹೊರಡುವ ಭಾವ, ನನಗೆ ಏಳು ಗಂಟೆ ಡ್ರೈವ್ ಉಂಟು” ಎಂದು ಎರಡು ಸಲ ಹೇಳಿದರು. ಕೊನೆಯ ಒಂದು ಎಸೆತ ಎಂದೆ. ಅದಾದ ಮೇಲೆ ಇನ್ನೊಂದು ಕೊನೆಯದು. ಅಪ್ಪ ಕುರ್ಚಿ ಮಡಚಿ ನನ್ನ ಎಡಗಡೆ ಬಂದು ನಿಂತಿದ್ದರು. ಐದನೆಯದೋ ಆರನೆಯದೋ ಕೊನೆಯ ಎಸೆತದಲ್ಲಿ ರಾಡು ಬಗ್ಗಿತು.

ಕೊರಡು ಅಂದುಕೊಂಡೆ. ಆದರೆ ದಾರ ಎಡಕ್ಕೆ ಸರಿಯಿತು. ರೀಲು ತಾನೇ ಬಿಚ್ಚಿಕೊಳ್ಳುತ್ತಾ ಕಿರುಗುಟ್ಟಿತು. ವಿಡಿಯೋದಲ್ಲಿ ನೋಡಿದ್ದೆಲ್ಲ ಮರೆತು ಬರೀ “ಅಪ್ಪ, ಅಪ್ಪ” ಅನ್ನುತ್ತಿದ್ದೆ. ನಾನು ಕರೆಯುತ್ತಿದ್ದೇನೆ ಎಂದೇ ಅವರು ತಿಳಿದಿರಬೇಕು. ಎರಡೇ ಹೆಜ್ಜೆ, ನೀರಿಗೆ ಇಳಿದರು, ಬಿಗಿದು ನಿಂತ ದಾರವನ್ನು ಬಲಗೈಯಲ್ಲಿ ಹಿಡಿದು, ಮುಷ್ಟಿಗೆ ಒಂದು ಸುತ್ತು ಸುತ್ತಿ, ಹಿಂದಕ್ಕೆ ವಾಲಿ ಎಳೆದರು. ಅರವತ್ತು ವರ್ಷ ಎಳೆದ ಹಾಗೆಯೇ. ಒಂದು ಕ್ಷಣ ದಾರ ಅವರ ಕೈಯಲ್ಲಿ ನಡುಗಿತು. ಆಮೇಲೆ ತುದಿಯ ಗಂಟು ಟಪ್ಪನೆ ಹರಿದು ನನ್ನ ರಾಡು ನೆಟ್ಟಗೆ ನಿಂತಿತು. ನೀರಿನ ಮೇಲೆ ಏನೂ ಕಾಣಲಿಲ್ಲ.

“ಮುಟ್ಟಲಿಕ್ಕೆ ಯಾರು ಹೇಳಿದ್ದು ನಿಮಗೆ? ಯಾರು ಕರೆದರು? ಸುಮ್ಮನೆ ಕೂತಿರಲಿಕ್ಕೆ ಆಗುದಿಲ್ವಾ ಒಂದು ಕಡೆ?”

ದಡದಲ್ಲಿದ್ದ ಒಂದಿಬ್ಬರು ತಿರುಗಿ ನೋಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನಗೆ ಆ ಹೊತ್ತಿಗೆ ಅದೆಲ್ಲ ಇರಲಿಲ್ಲ, ಇನ್ನೂ ಎರಡು ಮಾತು ಹೇಳಿದೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪ ಬಲಗೈಯನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡು ನೀರಿನಿಂದ ಮೇಲೆ ಬಂದರು. ಭಾವ ಓಡಿಬಂದು ವಿಷಯ ತಿಳಿದು, ಸಮಾಧಾನ ಮಾಡಬೇಕೆಂದೇ ಇರಬೇಕು, “ಬಿಡಿ ಭಾವ, ಕೊರಡೇ ಇರ್ಬೇಕು ಅದು” ಅಂದರು. ಅದು ಬೆಂಕಿಗೆ ತುಪ್ಪವಾಯಿತು. ಮೀನೋ ಕೊರಡೋ ಎಂದು ಹೇಳಲು ನಾನು ಕಣ್ಣಾರೆ ಏನನ್ನೂ ನೋಡಿರಲಿಲ್ಲ.

ಹೊರಡುವ ಮೊದಲು ಕಾರಿನ ಬಾನೆಟ್ಟಿನ ಮೇಲೆ ಬುತ್ತಿ ಬಿಚ್ಚಿದೆವು. ಹೆಂಡತಿ ಕಟ್ಟಿಕೊಟ್ಟಿದ್ದ ಚಿತ್ರಾನ್ನ. ಅಪ್ಪ ಹಸಿವಿಲ್ಲ ಅಂದರು. ಜೇಬಿನಿಂದ ಕೈ ತೆಗೆಯಲೇ ಇಲ್ಲ. ಸಿಟ್ಟು, ಇರಲಿ, ನನಗೂ ಸಿಟ್ಟುಂಟು ಎಂದು ನಾನು ಅವರ ಪಾಲನ್ನೂ ತಿಂದು ಮುಗಿಸಿದೆ. ಭಾವನ ಕಾರಿನಲ್ಲಿ ಕೂತ ಮೇಲೆ ಅವರು ಎಡಗೈಯಿಂದ ಕಿಟಕಿ ಇಳಿಸಿ, “ನಿಧಾನ ಓಡಿಸು. ಸಂಜೆಗೆ ಕಾಂಗರೂ ಅಡ್ಡ ಬರ್ತದೆ” ಅಂದರು. ನಾನು ಹ್ಞೂಂ ಅಂದೆ. ಸೀಟ್ ಬೆಲ್ಟನ್ನೂ ಭಾವನೇ ಹಾಕಿಕೊಟ್ಟರು, ಅದನ್ನೂ ನೋಡಿದೆ, ಏನೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿದ್ದಾಗ ಮಮತಾ ಫೋನ್ ಮಾಡಿದಳು.

“ಅಣ್ಣ, ಅಪ್ಪನ ಕೈಗೆ ಎಂತ ಆದದ್ದು?”

“ಕೈಗಾ? ಎಂತ ಇಲ್ಲವಲ್ಲ.”

“ಅಂಗೈ ಅಡ್ಡಕ್ಕೆ ಕೊಯ್ದುಹೋಗಿದೆ. ರಾತ್ರಿ ಊಟಕ್ಕೆ ಕೂತಾಗ ಕಂಡದ್ದು. ಈಗ ಕ್ಲಿನಿಕ್ಕಲ್ಲಿ ನಾಲ್ಕು ಸ್ಟಿಚ್ ಹಾಕಿಸಿ ಬಂದೆ. ಕೇಳಿದರೆ ದೋಣಿಯ ತಗಡು ತಾಗಿದ್ದು ಅಂತಾರೆ. ಇವರು ದೋಣಿ ನೀರಿಗೇ ಇಳಿಸಲಿಲ್ಲ ಅಂತಾರೆ. ನೀನು ಅಲ್ಲೇ ಇದ್ದೆಯಲ್ಲ?”

ಅಲ್ಲೇ ಇದ್ದೆ. ಬರಿಗೈಯಲ್ಲಿ ಹಿಡಿಯಬೇಡ ಎಂದು ಅಂಗಡಿಯವನು ನನಗೆ ಹೇಳಿದ್ದ. ನಾನು ಅಪ್ಪನಿಗೆ ಹೇಳಿರಲಿಲ್ಲ. ಹಸಿವಿಲ್ಲ ಅಂದದ್ದು ಯಾಕೆಂದು ಆಗ ಗೊತ್ತಾಗಿ, ನಾರ್ವೆಸ್ಟ್‌ನ ಆ ಆಫೀಸಿನ ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತೆ. ಅವತ್ತು ನನ್ನ ಮೇಲೆ ನನಗೆ ಬಂದ ಅಸಹ್ಯ ಇನ್ನೂ ಪೂರ್ತಿ ಹೋಗಿಲ್ಲ.

ಜೂನ್ ಕೊನೆಗೆ ಅವರು ನನ್ನಲ್ಲಿಗೆ ಬಂದು ಸಿಡ್ನಿಯಿಂದಲೇ ಹೊರಡಬೇಕಿತ್ತು. ಅಷ್ಟು ದೂರ ಮತ್ತೆ ಕಾರಿನಲ್ಲಿ ಕೂರಲಾಗುವುದಿಲ್ಲ, ಮಂಡಿ ನೋವು ಎಂದು ಅಪ್ಪ ಮಮತಾಳ ಕೈಲಿ ಹೇಳಿಸಿದರು. ಮೆಲ್ಬರ್ನಿನಿಂದ ಊರಿಗೆ ಹೊರಟವರ ಜೊತೆ ಟಿಕೆಟ್ ಬದಲಾಯಿಸಿ ಬುಕ್ ಮಾಡಿದೆವು. ಬೀಳ್ಕೊಡಲು ನಾನು ಒಂದು ದಿನದ ಮಟ್ಟಿಗೆ ಹಾರಿ ಹೋಗಿ ಬರಬಹುದಿತ್ತು. ಆ ವಾರವೇ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇತ್ತು, ಅದು ನಿಜ. ರಿಲೀಸ್ ಇದ್ದದ್ದು ನನಗೆ ಅನುಕೂಲವಾಯಿತು ಅನ್ನುವುದೂ ನಿಜ.

ಆಮೇಲೆ ಒಂದು ವರ್ಷ, ಪ್ರತಿ ಭಾನುವಾರ ಫೋನು. ಅಲ್ಲಿ ಮಳೆಯಾ, ಇಲ್ಲಿ ಚಳಿ. ಮೀನಿಗೆ ಬೆಲೆ ಉಂಟಾ, ಮಂಡಿ ಹೇಗುಂಟು. ಪ್ರತಿ ಸಲವೂ ಹೇಳಿಬಿಡಬೇಕು ಅಂದುಕೊಂಡು ಶುರು ಮಾಡುವುದು, ಬಂಗುಡೆಯ ಬೆಲೆಯಲ್ಲಿ ಮುಗಿಯುವುದು. ಕ್ಷಮೆ ಕೇಳುವ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಹೇಗೆ ಶುರು ಮಾಡುತ್ತಾರೆ ಎಂದೇ ಗೊತ್ತಿರಲಿಲ್ಲ. ಅವರೂ ಕೈಯ ಸುದ್ದಿ ಎತ್ತಲಿಲ್ಲ, ಮೀನಿನ ಸುದ್ದಿಯನ್ನಂತೂ ಎತ್ತಲೇ ಇಲ್ಲ.

ಈ ಮೇ ತಿಂಗಳಲ್ಲಿ ಭಾವ ಕರೆದಾಗ ಬರುವುದಿಲ್ಲ ಎನ್ನಬೇಕೆಂದೇ ಇದ್ದೆ. ಬಂದೆ. ಹಳೆಯ ಜಾಗದಲ್ಲೇ ನಿಂತೆ, ಅದೇ ರಾಡ್, ಮೈಮೇಲೆ ಆ ಜಾಕೆಟ್. ಮೂರನೇ ಎಸೆತಕ್ಕೆ ಮೀನು ಬಿತ್ತು. ಅಷ್ಟು ಸುಲಭವಾಗಿ ಬಿತ್ತಲ್ಲ ಎಂದು ಸಿಟ್ಟೇ ಬಂತು. ಭಾವ ಕೈಬಲೆ ಹಿಡಿದು ಪಕ್ಕದಲ್ಲಿ ನಿಂತಿದ್ದರು, ದಾರ ಮುಟ್ಟಲಿಲ್ಲ, ಕೊನೆಗೆ ಅಡಿಯಿಂದ ಬಲೆ ಕೊಟ್ಟು ಎತ್ತಿದರು. ಕಂದು ಮೈ, ಪಕ್ಕೆಯಲ್ಲಿ ಕೆಂಪು ಚುಕ್ಕಿಗಳು. ಮೂವತ್ತು ವರ್ಷ ಕಾದ ಮೀನು ಹುಲ್ಲಿನ ಮೇಲೆ ಬಾಯಿ ಬಿಡುತ್ತಾ ಮಲಗಿತ್ತು, ನನಗೆ ಏನೂ ಅನ್ನಿಸಲಿಲ್ಲ. “ಮಾವನಿಗೆ ತೋರಿಸಿ” ಎಂದು ಭಾವನೇ ತಮ್ಮ ಫೋನಿನಿಂದ ವಿಡಿಯೋ ಕಾಲ್ ಹಚ್ಚಿ ನನ್ನ ಕೈಗೆ ಕೊಟ್ಟರು.

ಊರಿನಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ಅಪ್ಪ ಕಡಲ ದಡದಲ್ಲಿದ್ದರು, ಹಿಂದೆ ಕೈರಂಪಣಿಯವರು ಬಲೆ ಬಿಟ್ಟು ಹಗ್ಗ ಹಿಡಿದು ನಿಂತಿದ್ದರು. ನಾನು ಮೀನಿನ ಕಡೆ ಕ್ಯಾಮೆರಾ ತಿರುಗಿಸಿದೆ. ಅಪ್ಪ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದರು.

“ನೀನೇ ಹಿಡಿದದ್ದಾ?”

“ಹೌದು.”

“ಎಷ್ಟು ಬರಬಹುದು?”

“ಒಂದೂವರೆ ಕಿಲೋ.”

“ಒಳ್ಳೆ ಮೀನು.” ಫೋನನ್ನು ದೂರ ಹಿಡಿದು ಇನ್ನೊಮ್ಮೆ ನೋಡಿದರು. “ಆದರೆ ಅದರಷ್ಟಿಲ್ಲ.”

“ಯಾವುದರಷ್ಟು?”

“ಆವತ್ತು ಹೋಯ್ತಲ್ಲ, ಅದು.”

ಭಾವ ನನ್ನ ಭುಜದ ಹಿಂದಿನಿಂದ, “ಅದು ಕೊರಡು ಮಾವ” ಅಂದರು.

“ಕೊರಡು ತಲೆ ಕೊಡವುತ್ತದಾ ಮಾರಾಯ? ಅದು ಎರಡು ಸಲ ಕೊಡವಿತು. ನನ್ನ ಕೈಯಲ್ಲೇ ಇತ್ತಲ್ಲ.” ಅಪ್ಪ ಬಲಗೈ ಎತ್ತಿ ತೋರಿಸಿದರು. ಅಂಗೈಯ ಅಡ್ಡಕ್ಕೆ ಬಿಳಿಯ ಗೆರೆ ಇತ್ತು. “ಮೂರು ಕಿಲೋಗೆ ಕಮ್ಮಿ ಇಲ್ಲ. ಇವನ ಗಾಳಕ್ಕೇ ಬಿದ್ದದ್ದು.”

“ಆವತ್ತೇ ಯಾಕೆ ಹೇಳಲಿಲ್ಲ ಅಪ್ಪ?”

“ನೀನು ಕೇಳಲಿಲ್ಲ.”

ಅಷ್ಟರಲ್ಲಿ ಹಿಂದಿನಿಂದ ಯಾರೋ ಅವರನ್ನು ಕೂಗಿದರು. ಬಲೆ ದಡಕ್ಕೆ ಹತ್ತಿರವಾಗಿತ್ತು. ಅಪ್ಪ ಅವಸರದಲ್ಲಿ ಫೋನನ್ನು ಆಫ್ ಮಾಡದೆಯೇ ಅಂಗಿಯ ಜೇಬಿಗೆ ಹಾಕಿಕೊಂಡರು. ಪರದೆ ಕಪ್ಪಾಯಿತು. ಎಳೆಯುವವರ ಕೂಗು, ತೆರೆಯ ಸದ್ದು, ಅಪ್ಪನ ಏದುಸಿರು ಮಾತ್ರ ಕೇಳುತ್ತಿತ್ತು.

“ಅಪ್ಪ, ಆವತ್ತು ನಾನು ಹಾಗೆ ಹೇಳಬಾರದಿತ್ತು” ಅಂದೆ. ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಒಂದು ವರ್ಷ ಬಾಯಿಗೆ ಬಾರದ ಮಾತು ಆ ಬೆಳಿಗ್ಗೆ ಸರಾಗವಾಗಿ ಬಂತು. ಆ ಗದ್ದಲದಲ್ಲಿ ಅದು ಜೇಬಿನಿಂದ ಆಚೆ ಹೋಗುವಂತಿರಲಿಲ್ಲ.

“ಎಂತ ಹೇಳಿದರು ಮಾವ?” ಎಂದು ಭಾವ ಕೇಳಿದರು.

“ಎಳೀತಾ ಇದ್ದಾರೆ” ಅಂದೆ. ಫೋನು ಇಡಲಿಲ್ಲ. ಬಲೆ ಮೇಲೆ ಬರುವವರೆಗೂ ಅದನ್ನು ಕಿವಿಗೆ ಒತ್ತಿಕೊಂಡು ದಡದಲ್ಲೇ ನಿಂತಿದ್ದೆ.